ಯಾರ ಹೆಸರು ಬರೆಯುವುದು?

ಮಕ್ಕಳೇ, ನಮ್ಮ ಮೂಗೂರಿನ ತಾಲ್ಲೂಕಿನಲ್ಲೇ ಇರುವ ಸೋಮನಾಥಪುರದ ಗುಡಿ ನೋಡಿದ್ದೀರಾ? ಅಲ್ಲಿನ ಎಷ್ಟೋ ವಿಗ್ರಹಗಳ ಕೆಳಗೆ ಶಿಲ್ಪಿ ಮಲ್ಲಿತಮ್ಮನ ಹೆಸರಿದೆ. ಅದನ್ನು ನೋಡಿ ಬಂದ ಮೊಮ್ಮಗಳು ಕೇಳಿದಳು: “ತಾತ, ಕಂಪ್ಯೂಟರ್ ಮಾಡಿದ ಶಿಲ್ಪಕ್ಕೆ ಯಾರ ಹೆಸರು ಹಾಕ್ತಾರೆ?”

ಇಂಗ್ಲೆಂಡಿನ ಶಿಲ್ಪಿ ವಿಲಿಯಂ ಲೇಥಮ್ 1980ರ ದಶಕದಲ್ಲಿ ಒಂದು ಆಕಾರ ಬರೆದು, ಅದನ್ನೇ ಉಬ್ಬಿಸಿ, ಕೊರೆದು, ಕಾಗದದ ಮೇಲೆ ವಂಶವೃಕ್ಷದಂತೆ ಬೆಳೆಸುತ್ತಿದ್ದರು. ಆಮೇಲೆ ಐಬಿಎಂನ ಸ್ಟೀಫನ್ ಟಾಡ್ ಜೊತೆ ಸೇರಿ ಆ ಕೆಲಸವನ್ನು ಕಂಪ್ಯೂಟರಿಗೆ ಕಲಿಸಿದರು. ಅದು ಒಂದು ಆಕಾರವನ್ನು ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ ಹಲವು ಮರಿ ಹಾಕುತ್ತದೆ. ಕಲಾವಿದ ಮೆಚ್ಚಿದ್ದು ಮಾತ್ರ ಮತ್ತೆ ಮರಿ ಹಾಕುತ್ತದೆ, ರೈತ ಬಿತ್ತನೆಗೆ ಒಳ್ಳೆಯ ತೆನೆ ಆರಿಸಿಟ್ಟಂತೆ. 1997ರಲ್ಲಿ ಟೋಕಿಯೊದಲ್ಲಿ ಕಾರ್ಲ್ ಸಿಮ್ಸ್ 12 ಪರದೆ ಇಟ್ಟು, ಆ ಆಯ್ಕೆಯನ್ನು ನೋಡಲು ಬಂದವರಿಗೇ ಬಿಟ್ಟರು. ಮೆಚ್ಚಿದ ಪರದೆಯ ಮುಂದೆ ನಿಂತರೆ ಸಾಕು!

ನಾವೂ ಆಡಿ ನೋಡಿದೆವು. ಕವಡೆ ಬಿದ್ದಂತೆ ಎಳೆ, ಚುಕ್ಕಿ ಬದಲಿಸಿ ಮೊಮ್ಮಗಳು ಒಂದು ರಂಗೋಲಿಯನ್ನು ನಾಲ್ಕಾಗಿಸಿದಳು. ಅಜ್ಜಿ ಒಂದನ್ನು ಉಳಿಸಿ ಮೂರನ್ನು ಅಳಿಸಿದಳು. ಮೊಮ್ಮಗಳಿಗೆ ಇಷ್ಟವಾದದ್ದೇ ಅಳಿಸಿಹೋಗಿ ಮುನಿಸು. (ನಮ್ಮ ಬ್ಯಾಂಕಿನಲ್ಲಿ ಒಂದು ಅಂಕಿ ಹೊಡೆದುಹಾಕಿದರೂ ಪಕ್ಕದಲ್ಲಿ ಸಹಿ ಹಾಕಬೇಕಿತ್ತು!) ಐದನೇ ಸುತ್ತಿನಲ್ಲಿ ಮೂಡಿದ ಬಳ್ಳಿ ಇಬ್ಬರೂ ಊಹಿಸಿರದಂಥದ್ದು. ಅದರ ಕೆಳಗೆ ಅವಳು ಮೊದಲು ಅಜ್ಜಿಯ ಹೆಸರು ಬರೆದಳು, ಆಮೇಲೆ ತನ್ನದು.

“ಕವಡೆಯದು?” ಎಂದೆ. ಸ್ವಲ್ಪ ಯೋಚಿಸಿ, ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟಳು.