ತಿಂಗಳ ಬಾಡಿಗೆ ಕಟ್ಟಿ ಆಡೋ ಲೋಕ: ಅಲ್ಲಿ ನಿಜಕ್ಕೂ ಸಿಗೋದೇನು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಗೇಮ್. ಆದ್ರೆ ಟೀ ಬ್ರೇಕ್‌ನಲ್ಲಿ ಹತ್ತು ನಿಮಿಷ ಆಡಿ ಫೋನ್ ಜೇಬಿಗೆ ಹಾಕ್ಕೊಳ್ಳೋ ಗೇಮ್ ಅಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟಿ ವರ್ಷಗಟ್ಟಲೆ ಆಡೋ ಆನ್‌ಲೈನ್ ರೋಲ್ ಪ್ಲೇಯಿಂಗ್ ಗೇಮ್.

2019ರಲ್ಲಿ ಬೆಂಗಳೂರಿನ ಒಂದು ಪಿಜಿ ರೂಮಿನಲ್ಲಿ ಕೂತು ನಾನು ಇಂಥದ್ದೊಂದು ಗೇಮಿಗೆ ದುಡ್ಡು ಕಟ್ಟೋಕೆ ಶುರು ಮಾಡಿದೆ. ವಿಷಯ ಗೊತ್ತಾದಾಗ ಅಮ್ಮ ಫೋನಿನಲ್ಲಿ ಕೇಳಿದ್ರು, "ತಿಂಗಳಿಗೆ ಸಾವಿರ ರೂಪಾಯಿನಾ? ಕಟ್ಟೋದು ನಿಲ್ಲಿಸಿದ್ರೆ ನಿನ್ನ ಹತ್ರ ಏನು ಉಳಿಯುತ್ತೋ?"

"ಏನೂ ಉಳಿಯಲ್ಲಮ್ಮ" ಅಂದೆ.

"ಬಾಡಿಗೆ ಮನೆಗಾದ್ರೆ ಅಡ್ವಾನ್ಸಾದ್ರೂ ವಾಪಸ್ ಬರುತ್ತಪ್ಪ" ಅಂದು ಫೋನಿಟ್ರು.

ಆವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತು ಅರ್ಧ ಉತ್ತರ ಇದೆ. ಅದನ್ನೇ ಹೇಳ್ತೀನಿ.

ನಾನು ಆಡ್ತಿದ್ದದ್ದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಅಮೆರಿಕದ ಬ್ಲಿಝಾರ್ಡ್ ಕಂಪನಿ ಇದನ್ನ ಬಿಡುಗಡೆ ಮಾಡಿದ್ದು 2004ರ ನವೆಂಬರ್ 23ಕ್ಕೆ. ಆಗ ಅಮೆರಿಕದಲ್ಲಿ ತಿಂಗಳ ಚಂದಾ 14.99 ಡಾಲರ್. ಇಪ್ಪತ್ತು ವರ್ಷ ಕಳೆದ ಮೇಲೂ ಅಷ್ಟೇ ಇತ್ತು. ಚಂದಾ ಪದ್ಧತಿ ಇವರು ಕಂಡುಹಿಡಿದದ್ದೇನಲ್ಲ. 1997ರ ಅಲ್ಟಿಮಾ ಆನ್‌ಲೈನ್, 1999ರ ಎವರ್‌ಕ್ವೆಸ್ಟ್ ಆಗಲೇ ಅದೇ ದಾರಿಯಲ್ಲಿದ್ವು. ಆದ್ರೆ ಇದನ್ನ ಮನೆಮಾತು ಮಾಡಿದ್ದು ವಾರ್‌ಕ್ರಾಫ್ಟ್. 2010ರ ಅಕ್ಟೋಬರ್‌ನಲ್ಲಿ ಅದರ ಚಂದಾದಾರರ ಸಂಖ್ಯೆ 1.2 ಕೋಟಿ ದಾಟಿತ್ತು.

ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋದು ಇನ್ನೊಂದು ಪದ್ಧತಿ. ಡೌನ್‌ಲೋಡ್ ಫ್ರೀ, ಆಟ ಫ್ರೀ. ಬಟ್ಟೆ ಬೇಕಾ, ಗನ್ನಿಗೆ ಬಣ್ಣ ಬೇಕಾ, ಅದೃಷ್ಟದ ಪೆಟ್ಟಿಗೆ ತೆರೀಬೇಕಾ, ಆಗ ದುಡ್ಡು ಕೊಡಿ. ಅಲ್ಲಿ ಕಂಪನಿಗೆ ಬೇಕಾಗಿರೋದು ನೀವು ಒಂದು ಕ್ಷಣ ಆಸೆಪಟ್ಟು ಬಟನ್ ಒತ್ತೋದು. ಚಂದಾ ಗೇಮಿನ ಲೆಕ್ಕಾಚಾರ ಬೇರೆ. ನೀವು ಮುಂದಿನ ತಿಂಗಳೂ ಬರಬೇಕು. ಅದರ ಮುಂದಿನ ತಿಂಗಳೂ ಬರಬೇಕು. ಇಲ್ಲೂ ಹೊಸ ಅಧ್ಯಾಯ ಬಂದಾಗ ಬೇರೆ ದುಡ್ಡು ಕೊಡಬೇಕು, ಅಂಗಡಿಯೂ ಇದೆ. ಆದ್ರೂ ಬುಡ ಇರೋದು ಆ ಚಂದಾದಲ್ಲೇ.

ಸರಿ, ಒಬ್ಬ ಮನುಷ್ಯ ಮತ್ತೆ ಮತ್ತೆ ಬರೋ ಹಾಗೆ ಮಾಡೋದು ಹೇಗೆ? ಮೊದಲನೇ ಉಪಾಯ ಕಥೆ. ಗೇಮ್ ಆಡೋರು ಇದಕ್ಕೆ 'ಲೋರ್' ಅಂತಾರೆ. ಆ ಲೋಕದ ಪುರಾಣ, ಚರಿತ್ರೆ, ವಂಶಾವಳಿ ಎಲ್ಲಾ ಸೇರಿ ಲೋರ್.

ಒಂದು ಉದಾಹರಣೆ ಕೊಡ್ತೀನಿ. 2002ರಲ್ಲಿ ವಾರ್‌ಕ್ರಾಫ್ಟ್ 3 ಅನ್ನೋ ಗೇಮ್ ಬಂತು. ಇದು ಚಂದಾ ಗೇಮ್ ಅಲ್ಲ, ಒಬ್ಬರೇ ಕೂತು ಆಡಬಹುದಾದ ಯುದ್ಧದ ಗೇಮ್. ಅದರಲ್ಲಿ ಲಾರ್ಡರಾನ್ ರಾಜ್ಯದ ರಾಜಕುಮಾರ ಆರ್ಥಸ್. ಪ್ರಜೆಗಳ ಮೇಲೆ ಪ್ರಾಣ ಇಟ್ಟಿರೋ ಹುಡುಗ. ರಾಜ್ಯಕ್ಕೆ ಒಂದು ಮಾರಿ ಬರುತ್ತೆ. ವಿಷ ಬೆರೆತ ಧಾನ್ಯ ತಿಂದವರು ಸತ್ತು, ಎದ್ದು, ಶತ್ರುವಿನ ಸೈನಿಕರಾಗ್ತಾರೆ. ಸ್ಟ್ರಾಥೋಮ್ ಅನ್ನೋ ಊರಿಗೆ ಆರ್ಥಸ್ ಬರೋ ಹೊತ್ತಿಗೆ ಧಾನ್ಯ ಆಗಲೇ ಮನೆಮನೆಗೆ ಹಂಚಿಯಾಗಿದೆ. ಜನ ಇನ್ನೂ ಬದುಕಿದ್ದಾರೆ. ಅವರು ಶತ್ರುವಿನ ಪಾಲಾಗೋ ಮೊದಲೇ ಕೊಂದುಬಿಡೋಣ ಅಂತ ಅವನು ನಿರ್ಧಾರ ಮಾಡ್ತಾನೆ. ಗುರು ಒಪ್ಪಲ್ಲ, ಪ್ರೀತಿಸಿದ ಹುಡುಗಿ ಒಪ್ಪಲ್ಲ, ಇಬ್ಬರೂ ಹೊರಟುಹೋಗ್ತಾರೆ. ಮುಂದೆ ಅವನು ಸೇಡಿಗಾಗಿ ಶಾಪಗ್ರಸ್ತ ಕತ್ತಿ ಹಿಡೀತಾನೆ, ಊರಿಗೆ ವಾಪಸ್ ಬಂದು ಸಿಂಹಾಸನದ ಮುಂದೆಯೇ ಅಪ್ಪನನ್ನ ಕೊಲ್ತಾನೆ.

ಇದರಲ್ಲಿ ವಿಶೇಷ ಏನು ಗೊತ್ತಾ? ಸ್ಟ್ರಾಥೋಮ್‌ನಲ್ಲಿ ಆ ಕೆಲಸ ಮಾಡೋದು ನೀವು. ಮೌಸ್ ನಿಮ್ಮ ಕೈಯಲ್ಲಿದೆ. ಕ್ಲಿಕ್ ಮಾಡಿದ್ರೆ ಮಾತ್ರ ಕಥೆ ಮುಂದೆ ಹೋಗುತ್ತೆ.

ಎರಡು ವರ್ಷ ಆದ ಮೇಲೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂತು. ಈಗ ಅದೇ ಲಾರ್ಡರಾನ್ ಪಾಳುಬಿದ್ದ ಕೋಟೆ. ನೀವು ನಡ್ಕೊಂಡು ಒಳಗೆ ಹೋಗಬಹುದು. ಸಿಂಹಾಸನದ ಕೋಣೆಯಲ್ಲಿ ಸುಮ್ಮನೆ ನಿಂತ್ರೆ ಹಳೇ ಮಾತುಗಳ ಪ್ರತಿಧ್ವನಿ ಪಿಸುಗುಟ್ಟಿದ ಹಾಗೆ ಕೇಳಿಸುತ್ತೆ. ಕಥೆ ಗೊತ್ತಿಲ್ಲದವನಿಗೆ ಅದೊಂದು ಖಾಲಿ ಕಟ್ಟಡ. ಗೊತ್ತಿದ್ದವನಿಗೆ ಮೈ ಜುಂ ಅನ್ನುತ್ತೆ. 2009ರ ಡಿಸೆಂಬರ್‌ನಲ್ಲಿ ಆಟಗಾರರಿಗೆ ಆ ಆರ್ಥಸ್‌ನ ಹಿಮದ ಕೋಟೆಯ ಬಾಗಿಲು ತೆರೀತು. ಏಳು ವರ್ಷದ ಹಿಂದೆ ಅವನಾಗಿ ಆಡಿದ್ದವರೇ ಈಗ ಅವನನ್ನ ಕೊಲ್ಲೋಕೆ ಹೊರಟ್ರು. ಯಕ್ಷಗಾನದಲ್ಲಿ ಕರ್ಣ ಸಾಯ್ತಾನೆ ಅಂತ ಗೊತ್ತಿದ್ದೂ ನಾವು ಬೆಳಗಿನ ಜಾವದವರೆಗೆ ಕೂರಲ್ವಾ, ಅದೇ ಥರ. ಮುಂದೇನಾಗುತ್ತೆ ಅನ್ನೋ ಕುತೂಹಲಕ್ಕಿಂತ, ಆ ಗಳಿಗೆಯಲ್ಲಿ ನಾನೂ ಅಲ್ಲಿರಬೇಕು ಅನ್ನೋ ಆಸೆ ದೊಡ್ಡದು.

ಇನ್ನೊಂದು ಗೇಮ್ ಇನ್ನೂ ಧೈರ್ಯ ಮಾಡ್ತು. ಜಪಾನಿನ ಫೈನಲ್ ಫ್ಯಾಂಟಸಿ 14. 2010ರಲ್ಲಿ ಬಿಡುಗಡೆಯಾದಾಗ ಅದು ನೆಲಕಚ್ಚಿತು. ಕಂಪನಿ ಹೊಸ ಮುಖ್ಯಸ್ಥರಾಗಿ ನವೋಕಿ ಯೋಶಿಡಾ ಅವರನ್ನ ತಂದು ಕೂರಿಸ್ತು. ಇಡೀ ಗೇಮನ್ನ ಹೊಸದಾಗಿ ಕಟ್ಟಬೇಕು ಅಂತ ತೀರ್ಮಾನ ಆಯ್ತು. ಹಾಗಾದ್ರೆ ಹಳೇ ಲೋಕ? ಅದರ ಆಕಾಶದಲ್ಲಿ ಒಂದು ಕೆಂಪು ಚಂದ್ರ ದಿನದಿಂದ ದಿನಕ್ಕೆ ದೊಡ್ಡದಾಗ್ತಾ ಬಂತು. 2012ರ ನವೆಂಬರ್‌ನಲ್ಲಿ ಸರ್ವರ್ ಮುಚ್ಚಿದ ದಿನ ಆ ಚಂದ್ರ ಒಡೆದು, ಒಳಗಿದ್ದ ಡ್ರ್ಯಾಗನ್ ಹೊರಗೆ ಬಂದು ಎಲ್ಲವನ್ನೂ ಸುಟ್ಟುಹಾಕ್ತು. 2013ರ ಆಗಸ್ಟ್‌ನಲ್ಲಿ ಹೊಸ ಗೇಮ್ ಶುರುವಾದಾಗ ಅದರ ಕಥೆ ಆ ಪ್ರಳಯ ಆಗಿ ಐದು ವರ್ಷದ ನಂತರದ್ದು. ಕಂಪನಿಯ ಸೋಲೇ ಆ ಲೋಕದ ಚರಿತ್ರೆಯಾಯ್ತು.

ಕಥೆ ಇಷ್ಟು ಚೆನ್ನಾಗಿದ್ರೆ ಯೂಟ್ಯೂಬಿನಲ್ಲಿ ಫ್ರೀಯಾಗಿ ನೋಡಬಹುದಲ್ವಾ, ಚಂದಾ ಯಾಕೆ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಕಥೆ ನಿಮ್ಮನ್ನ ಆ ಊರಿಗೆ ಕರ್ಕೊಂಡು ಹೋಗುತ್ತೆ. ಅಲ್ಲೇ ಉಳಿಸಿಕೊಳ್ಳೋದು ಜನ.

ನಾನು ಆಡ್ತಿದ್ದ ಹಳೇ ಮಾದರಿಯ ಆವೃತ್ತಿಯಲ್ಲಿ ಮೋಲ್ಟನ್ ಕೋರ್ ಅಂತ ಒಂದು ಬೆಂಕಿಯ ಗುಹೆ. ಒಂದು ತಂಡದಲ್ಲಿ 40 ಜನಕ್ಕೆ ಜಾಗ. ಒಬ್ಬ ಏಟು ತಿನ್ನೋನು, ಒಬ್ಬ ಹೊಡೆಯೋನು, ಒಬ್ಬ ಗಾಯ ವಾಸಿ ಮಾಡೋನು. ನಾನು ವಾಸಿ ಮಾಡೋನು. ಆ ಗುಹೆಯ ರಾಕ್ಷಸನನ್ನ ವಾರಕ್ಕೆ ಒಂದೇ ಸಲ ಕೊಲ್ಲಬಹುದು. ಸಿಗೋ ಆಯುಧ ಎರಡೋ ಮೂರೋ, ಕಾಯ್ತಿರೋರು 40 ಜನ. ಹಾಗಾಗಿ ನಮ್ಮ ಗಿಲ್ಡ್‌ನಲ್ಲಿ, ಅಂದ್ರೆ ಆಟಗಾರರ ಸಂಘದಲ್ಲಿ, ಹಾಜರಾತಿ ಪುಸ್ತಕ ಇತ್ತು. ತಪ್ಪದೆ ಬಂದವನಿಗೆ ಪಾಯಿಂಟ್ ಜಾಸ್ತಿ, ಅವನಿಗೆ ಮೊದಲ ಪಾಲು. ವಾರಕ್ಕೊಂದು ಸಲ ಅನ್ನೋ ನಿಯಮ ಮಾಡಿದ್ದು ಕಂಪನಿ. ಹಾಜರಾತಿ ಹಾಕಿದ್ದು ನಾವೇ.

ನಮ್ಮ ಸರ್ವರ್ ಯುರೋಪಿನದ್ದು. ಅವರಿಗೆ ರಾತ್ರಿ ಎಂಟು ಅಂದ್ರೆ ಚಳಿಗಾಲದಲ್ಲಿ ನಮಗೆ ಹನ್ನೆರಡೂವರೆ. ಒಂದು ರಾತ್ರಿ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡ್ತಿರುವಾಗ ಯಾರೋ ಒಬ್ಬ ಮೈಕ್ ಆಫ್ ಮಾಡೋದು ಮರೆತು ಕೂಗಿದ, "ಏ ಮತ್ತ ಸತ್ನೆಪಾ!" ನಾನು ಬೆಚ್ಚಿಬಿದ್ದೆ. "ಯಾವೂರ್ರೀ ನಿಮ್ದು?" ಅಂದೆ. ಎರಡು ಸೆಕೆಂಡ್ ಮೌನ, ಆಮೇಲೆ ಜೋರು ನಗು. ಹುಬ್ಬಳ್ಳಿ ಹುಡುಗ, ಜರ್ಮನಿಯಲ್ಲಿ ಓದ್ತಿದ್ದ. ಎರಡು ತಿಂಗಳಿಂದ ಒಟ್ಟಿಗೆ ಆಡ್ತಿದ್ವಿ, ಇಬ್ಬರಿಗೂ ಗೊತ್ತಿರಲಿಲ್ಲ. ಅವನಿಗೆ ಕನ್ನಡದಲ್ಲಿ ಮಾತಾಡೋಕೆ ಆ ಊರಲ್ಲಿ ಯಾರೂ ಇರಲಿಲ್ಲವಂತೆ. ಅವತ್ತಿಂದ ಆಟ ಮುಗಿದ ಮೇಲೂ ಅರ್ಧ ಗಂಟೆ ಮಾತು.

ಇಂಥ ಸ್ನೇಹ ಎಷ್ಟು ಆಳಕ್ಕೆ ಹೋಗಬಹುದು ಅನ್ನೋದಕ್ಕೆ ನಾರ್ವೆಯ ಮಾಟ್ಸ್ ಸ್ಟೀನ್ ಅವರ ಕಥೆ ಕೇಳಿ. ಅವರಿಗೆ ಹುಟ್ಟಿನಿಂದಲೇ ಬಂದ, ಸ್ನಾಯುಗಳು ಸವೆದುಹೋಗೋ ಕಾಯಿಲೆ. ಗಾಲಿ ಕುರ್ಚಿಯಲ್ಲಿ ಕೂತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡ್ತಿದ್ರು. ಅಲ್ಲಿ ಅವರ ಹೆಸರು ಇಬೆಲಿನ್. 2014ರಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ್ರು. ಮಗ ಸ್ನೇಹಿತರಿಲ್ಲದೆ, ಪ್ರೀತಿ ಕಾಣದೆ ಹೋದ ಅಂತ ಅಪ್ಪ ಅಮ್ಮ ಕೊರಗ್ತಿದ್ರು. ಅವರ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿ ಒಂದು ಇಮೇಲ್ ವಿಳಾಸ ಕೊಟ್ಟರು. ಬೇರೆ ಬೇರೆ ದೇಶಗಳಿಂದ ಪತ್ರಗಳು ಬರೋಕೆ ಶುರುವಾದ್ವು. ನಿಮ್ಮ ಮಗ ನನ್ನ ಕಷ್ಟ ಕೇಳ್ತಿದ್ದ, ನನ್ನ ಮನೆಯವರ ಜೊತೆ ನಾನು ಮತ್ತೆ ಮಾತಾಡೋ ಹಾಗೆ ಮಾಡಿದ ಅನ್ನೋ ಥರದ ಪತ್ರಗಳು. ಗಿಲ್ಡ್‌ನ ಕೆಲವರು ಬೇರೆ ದೇಶಗಳಿಂದ ಅಂತ್ಯಕ್ರಿಯೆಗೆ ಬಂದ್ರು. ಗೇಮಿನೊಳಗಿನ ಮಾತುಕತೆಯ ದಾಖಲೆ ಉಳಿದಿತ್ತು. ಅದನ್ನಿಟ್ಟುಕೊಂಡು ಮಾಡಿದ ಸಾಕ್ಷ್ಯಚಿತ್ರ 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು.

ಇಲ್ಲಿಗೆ ಮುಗಿಸಿದ್ರೆ ಸುಖಾಂತ್ಯ. ಆದ್ರೆ ನನ್ನ ಕಥೆಯ ಇನ್ನರ್ಧ ಹೇಳದಿದ್ರೆ ಮೋಸ ಆಗುತ್ತೆ.

2019ರ ಡಿಸೆಂಬರ್. ತಂಗಿ ಒಂದು ಇಂಟರ್‌ವ್ಯೂಗೆ ಶಿವಮೊಗ್ಗದಿಂದ ರಾತ್ರಿ ಬಸ್ಸಿಗೆ ಬರ್ತಿದ್ಲು. ಬೆಳಗ್ಗೆ ಐದಕ್ಕೆ ಮೆಜೆಸ್ಟಿಕ್. ನಾನು ಬರ್ತೀನಿ ಅಂದಿದ್ದೆ. ಅವತ್ತು ಗುಹೆಯ ಕೆಲಸ ಮುಗಿದಾಗ ಮೂರೂವರೆ. ಒಂದು ಗಂಟೆ ಕಣ್ಣು ಮುಚ್ಚೋಣ ಅಂತ ಮಲಗಿದೆ. ಫೋನ್ ಸೈಲೆಂಟಲ್ಲಿತ್ತು, ಆಟದ ಮಧ್ಯೆ ಸದ್ದಾಗಬಾರದು ಅಂತ ನಾನೇ ಇಟ್ಟಿದ್ದು. ಎಚ್ಚರ ಆದಾಗ ಏಳು ಗಂಟೆ, 14 ಮಿಸ್ಡ್ ಕಾಲ್. ಓಡಿಹೋದೆ. ಅವಳು ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ, ಬ್ಯಾಗನ್ನ ತೊಡೆ ಮೇಲಿಟ್ಟು ಎರಡು ಗಂಟೆಯಿಂದ ಕೂತಿದ್ಲು. ಬೈಲಿಲ್ಲ. ಆಟೋದಲ್ಲಿ ಕೂತ ಮೇಲೆ ಒಂದೇ ಮಾತು: "ಅಲ್ಲಿ 40 ಜನ ಕಾಯ್ತಾರೆ ಅಂತ ಟೈಮಿಗೆ ಸರಿಯಾಗಿ ಹೋಗ್ತೀಯಲ್ಲಣ್ಣ. ನಾನು ಒಬ್ಬಳೇ ತಾನೇ, ಬಿಡು."

ನಾನು ಯಾವುದಕ್ಕೆ ದುಡ್ಡು ಕಟ್ತಿದ್ದೆ ಅಂತ ನನಗೆ ಅರ್ಥ ಆಗಿದ್ದು ಅವತ್ತು. ಯಾರೋ ನನಗಾಗಿ ಕಾಯ್ತಿದ್ದಾರೆ, ನಾನಿಲ್ಲದಿದ್ರೆ ಕೆಲಸ ಕೆಡುತ್ತೆ ಅನ್ನೋ ಭಾವನೆಗೆ. ಹೊಸ ಊರಲ್ಲಿ, ಪಿಜಿಯಲ್ಲಿ ಒಬ್ಬನೇ ಇದ್ದವನಿಗೆ ಅದು ಸಣ್ಣ ವಿಷಯ ಆಗಿರಲಿಲ್ಲ. ಆದ್ರೆ ಹೊರಗೂ ಒಬ್ಬಳು ಕಾಯ್ತಿದ್ಲು. ಅವಳ ಹಾಜರಾತಿ ಪುಸ್ತಕದಲ್ಲಿ ನನಗೆ ಸೊನ್ನೆ.

ಬಾಡಿಗೆ ಅನ್ನೋ ಅಮ್ಮನ ಮಾತೂ ಸುಳ್ಳಲ್ಲ. 2023ರ ಜನವರಿಯಲ್ಲಿ ಬ್ಲಿಝಾರ್ಡ್‌ಗೂ ಚೀನಾದ ನೆಟ್‌ಈಸ್ ಕಂಪನಿಗೂ ಒಪ್ಪಂದ ಮುರಿದುಬಿತ್ತು. ಅಲ್ಲಿನ ಸರ್ವರ್‌ಗಳು ಮುಚ್ಚಿದ್ವು. ವರ್ಷಗಟ್ಟಲೆ ಬೆಳೆಸಿದ ಪಾತ್ರಗಳನ್ನ ಆಟಗಾರರು ಮುಟ್ಟೋ ಹಾಗಿರಲಿಲ್ಲ. 2024ರಲ್ಲಿ ಮತ್ತೆ ತೆರೆದ್ರು, ಅದು ಅವರ ಅದೃಷ್ಟ. 2012ರ ನವೆಂಬರ್‌ನಲ್ಲಿ ಮುಚ್ಚಿದ ಸಿಟಿ ಆಫ್ ಹೀರೋಸ್ ಗೇಮನ್ನ ಅದರ ಕಂಪನಿ ಮತ್ತೆ ತೆರೀಲೇ ಇಲ್ಲ. ಕತ್ತಿ, ಕುದುರೆ, ಪಟ್ಟ, ಯಾವುದೂ ನಿಮ್ಮದಲ್ಲ. ಬೀಗದ ಕೈ ಯಾವತ್ತೂ ಮನೆ ಮಾಲೀಕನ ಹತ್ರ.

ಹಾಗಾದ್ರೆ ಆಡಲೇಬಾರದಾ? ನಾನು ಹಾಗೆ ಹೇಳಲ್ಲ. ಕುತೂಹಲ ಇದ್ರೆ ಮೊದಲು ದುಡ್ಡು ಕೊಡದೆ ನೋಡಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 20ನೇ ಲೆವೆಲ್‌ವರೆಗೆ ಫ್ರೀ. ಫೈನಲ್ ಫ್ಯಾಂಟಸಿ 14ರ ಉಚಿತ ಆವೃತ್ತಿ 70ನೇ ಲೆವೆಲ್‌ವರೆಗೆ ಹೋಗುತ್ತೆ, ದಿನಗಳ ಮಿತಿ ಇಲ್ಲ. ಕಂಪ್ಯೂಟರ್ ಇಲ್ಲ, ಫೋನ್ ಮಾತ್ರ ಇದೆ ಅನ್ನೋರಿಗೆ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ 2018ರಿಂದ ಮೊಬೈಲಿನಲ್ಲೇ ಇದೆ. ಅದರಲ್ಲಿ ಒಂದು ಭಾಗ ಉಚಿತ, ಉಳಿದದ್ದು ಚಂದಾದಾರರಿಗೆ.

ಚಂದಾ ಕಟ್ಟೋದೇ ಆದ್ರೆ ಎರಡು ಕೆಲಸ ಮಾಡಿ. ಕಾರ್ಡಿನಿಂದ ತಾನಾಗೇ ದುಡ್ಡು ಕಡಿತ ಆಗೋ ಆಯ್ಕೆಯನ್ನ ಆಫ್ ಮಾಡಿ. ಪ್ರತಿ ತಿಂಗಳು ನೀವೇ ಯೋಚಿಸಿ ಕಟ್ಟಿ. ಎರಡನೆಯದು, ಗಿಲ್ಡ್ ಸೇರೋ ಮೊದಲು ಅವರ ಸಮಯ ನಮ್ಮ ಗಡಿಯಾರದಲ್ಲಿ ಎಷ್ಟಾಗುತ್ತೆ ಅಂತ ನೋಡಿ. ಬೇರೆ ದೇಶದ ಸಂಜೆ ನಿಮ್ಮ ನಿದ್ದೆ ತಿನ್ನುತ್ತೆ.

ನಾನು 2020ರ ಕೊನೆಯಲ್ಲಿ ಚಂದಾ ನಿಲ್ಲಿಸಿದೆ. ನನ್ನ ಪಾತ್ರ ಎಲ್ಲೋ ಒಂದು ಸರ್ವರ್‌ನಲ್ಲಿ ನಿಂತಿರಬೇಕು. ಹುಬ್ಬಳ್ಳಿ ಹುಡುಗ ಈಗಲೂ ಯುಗಾದಿಗೆ ಫೋನ್ ಮಾಡ್ತಾನೆ. ಅಡ್ವಾನ್ಸ್ ವಾಪಸ್ ಬರಲಿಲ್ಲಮ್ಮ, ಆದ್ರೆ ಪಕ್ಕದ ಮನೆಯವನು ಉಳಿದ ಅಂತ ಅಮ್ಮನಿಗೆ ಹೇಳಿದೆ. ನಕ್ಕರು. ತಂಗಿ ಮಾತ್ರ ಬೆಂಗಳೂರಿಗೆ ಬರುವಾಗ ಇವತ್ತಿಗೂ ನನಗೆ ಬಸ್ಸಿನ ಟೈಮ್ ಹೇಳಲ್ಲ. ಮೆಜೆಸ್ಟಿಕ್‌ನಿಂದ ತಾನೇ ಆಟೋ ಹತ್ತಿ ಬರ್ತಾಳೆ.

ನಿಮಗೂ ಇಂಥ ಅನುಭವ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.