ಎತ್ತಿದ ಕಾಲು ನಿಲ್ಲುವುದು ಹೇಗೆ?

ಪ್ರಶ್ನೆ: ಹಂಪನಕಟ್ಟೆಯಲ್ಲಿ ರಸ್ತೆ ದಾಟಲು ಕಾಲೆತ್ತಿದವರು ಸಿಟಿ ಬಸ್ ನುಗ್ಗಿ ಬಂದರೆ ತಟ್ಟನೆ ನಿಲ್ಲುತ್ತಾರೆ. ಇಂಥ ನಿರ್ಧಾರವನ್ನು ವಿಜ್ಞಾನಿಗಳು ಅಳೆಯುವುದು ಹೇಗೆ? (ಓದುಗರು, ಮಂಗಳೂರು)

ಉತ್ತರ: ಬಸ್ಸಿಲ್ಲದೆಯೇ ಅಳೆಯುತ್ತಾರೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿ ಆದಿತ್ಯ ಮೂರ್ತಿ ಅವರ ತಂಡದ್ದು ಇದೇ ಕೆಲಸ. ಪರದೆಯ ಮೇಲೆ ಒಂದು ಗುರುತು ಮೂಡುತ್ತದೆ. ಎದುರು ಕುಳಿತವರು ಅದರತ್ತ ಕಣ್ಣು ಹೊರಳಿಸಬೇಕು. ಕೆಲವು ಸಲ ಅಷ್ಟರಲ್ಲೇ ಇನ್ನೊಂದು ಗುರುತು ಬೇರೆಡೆ ಕಾಣಿಸುತ್ತದೆ. ಆಗ ಮೊದಲಿನದನ್ನು ಬಿಟ್ಟು ಎರಡನೆಯದನ್ನು ನೋಡಬೇಕು. ಕಣ್ಣಿನ ಚಲನೆಯನ್ನು ಕ್ಯಾಮೆರಾ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ದಾಖಲಿಸುತ್ತದೆ.

ಎರಡನೆಯ ಗುರುತು ತಡವಾದಷ್ಟೂ ತಪ್ಪು ಹೆಚ್ಚು.

ಕಾರಣವನ್ನು ಸಂಶೋಧಕರಾದ ಗಾರ್ಡನ್ ಲೋಗನ್ ಮತ್ತು ವಿಲಿಯಂ ಕೋವನ್ 1984ರಲ್ಲೇ ವಿವರಿಸಿದ್ದರು. ಮಿದುಳಿನಲ್ಲಿ ‘ಹೊರಡು’, ‘ನಿಲ್ಲು’ ಎಂಬ ಎರಡು ಪ್ರಕ್ರಿಯೆಗಳು ಕಂಬಳದ ಕೋಣಗಳಂತೆ ಓಟಕ್ಕಿಳಿಯುತ್ತವೆ; ಮೊದಲು ಮುಟ್ಟಿದ್ದು ಗೆಲ್ಲುತ್ತದೆ. ಆರೋಗ್ಯವಂತ ಯುವಕರಲ್ಲಿ ‘ನಿಲ್ಲು’ ಪ್ರಕ್ರಿಯೆಗೆ ಸುಮಾರು 200 ಮಿಲಿಸೆಕೆಂಡು ಬೇಕು.

ಬಸ್ಸು ಕಣ್ಣಿಗೆ ಬೀಳುವುದೂ ಮುಖ್ಯವೇ. ಅದೇ ಕೇಂದ್ರದ ಶ್ರೀಧರನ್ ದೇವರಾಜನ್ ಅವರ ಲ್ಯಾಬ್, ಸಣ್ಣ ವ್ಯತ್ಯಾಸವಿರುವ ಚಿತ್ರಜೋಡಿಗಳನ್ನು ಒಂದಾದ ಮೇಲೊಂದು ಮಿನುಗಿಸಿ ಪರೀಕ್ಷಿಸಿತು. ಪ್ರತಿ ಜಾಗದಲ್ಲೂ ತುಸು ಹೆಚ್ಚು ಹೊತ್ತು ದೃಷ್ಟಿ ನಿಲ್ಲಿಸಿದವರೇ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸಿದರು.