ಸೆರೆಮನೆಗೆ ಬದಲಾಗಿ ಸೇವೆ

ತಪ್ಪಿತಸ್ಥನಿಗೆ ಶಿಕ್ಷೆಯಾಗತಕ್ಕದ್ದೆಂಬ ವಿಷಯದಲ್ಲಿ ಲೋಕದಲ್ಲಿ ಎರಡು ಮಾತಿಲ್ಲ. ಆದರೆ ಶಿಕ್ಷೆಯೆಂದರೆ ಸೆರೆಮನೆಯೇ ಎಂದು ತಿಳಿಯುವುದು ನಮ್ಮಲ್ಲಿ ಆಳವಾಗಿ ಬೇರೂರಿದ ಒಂದು ಎಣಿಕೆ. ಶಿಕ್ಷೆ, ಶಿಕ್ಷಣ, ಶಿಕ್ಷಕಿ ಈ ಮೂರು ಪದಗಳೂ ಒಂದೇ ಧಾತುವಿನಿಂದ ಹುಟ್ಟಿದವುಗಳೆಂಬುದನ್ನು ಶಾಲೆಯಲ್ಲಿ ಕಲಿತ ನಾವು ಮರೆಯಬಾರದು. ಮೊದಲ ಬಾರಿ ಕಾಲು ಜಾರಿದ ಹತ್ತೊಂಬತ್ತು ವರುಷದ ತರುಣನನ್ನು ಪಳಗಿದ ಕಳ್ಳರ ನಡುವೆ ಆರು ತಿಂಗಳು ಇರಿಸಿದರೆ ಅವನು ಅಲ್ಲಿ ಕಲಿಯುವ ವಿದ್ಯೆ ಯಾವುದೆಂಬುದನ್ನು ಯಾರೂ ಊಹಿಸಬಲ್ಲರು. ಹೊರಗೆ ಬಂದಾಗ ಅವನಿಗೆ ಕೆಲಸವಿರುವುದಿಲ್ಲ, ನಂಬುವವರಿರುವುದಿಲ್ಲ. ಅವನ ತಾಯಿ ಬೀದಿಯಲ್ಲಿ ತಲೆಯೆತ್ತಿ ನಡೆಯಲಾರಳು. ಇದನ್ನು ಕಂಡೇ ಕಾನೂನು ಸೆರೆಮನೆಯ ಹೊರಗೆ ಕೆಲವು ಮಾರ್ಗಗಳನ್ನು ತೆರೆದಿರಿಸಿದೆ. ಆ ಮಾರ್ಗಗಳು ಯಾವುವು, ಅವುಗಳ ಮೇಲ್ವಿಚಾರಣೆ ಯಾರ ಹೊಣೆ, ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಬಾಳುವ ನಮಗೆ ಅದರಲ್ಲಿ ಪಾಲೇನು ಎಂಬುದನ್ನು ಈ ಲೇಖನದಲ್ಲಿ ತಿಳಿಸಲಾಗುವುದು.

ಈ ಪದ್ಧತಿಯು ಮೊದಲು ಹುಟ್ಟಿದ್ದು ಸರಕಾರದ ಕಚೇರಿಯಲ್ಲಲ್ಲ, ಒಬ್ಬ ಸಾಮಾನ್ಯ ನಾಗರಿಕನ ಮನಸ್ಸಿನಲ್ಲಿ. ಅಮೇರಿಕದ ಬೋಸ್ಟನ್ ಪಟ್ಟಣದಲ್ಲಿ ಜಾನ್ ಆಗಸ್ಟಸ್ ಎಂಬ ಪಾದರಕ್ಷೆ ಹೊಲಿಯುವವನಿದ್ದನು. 1841ರಲ್ಲಿ ಅವನು ಕೋರ್ಟಿಗೆ ಹೋಗಿದ್ದಾಗ ಒಬ್ಬ ಕುಡುಕನಿಗೆ ತಾನು ಜಾಮೀನು ನಿಂತು, ಕೆಲವು ವಾರಗಳ ತನಕ ಅವನನ್ನು ತನ್ನ ಕಣ್ಣೆದುರಲ್ಲಿಟ್ಟು, ಸುಧಾರಿಸಿದ ಮನುಷ್ಯನನ್ನಾಗಿ ನ್ಯಾಯಾಧೀಶರ ಮುಂದೆ ಮತ್ತೆ ನಿಲ್ಲಿಸಿದನು. 1859ರಲ್ಲಿ ತೀರಿಕೊಳ್ಳುವ ತನಕವೂ ಅವನು ಇದೇ ಕೆಲಸದಲ್ಲಿದ್ದು ಸಾವಿರಕ್ಕೂ ಮಿಕ್ಕಿದ ಸ್ತ್ರೀಪುರುಷರಿಗೆ ಆಸರೆಯಾದನು. ಆ ಪ್ರಾಂತದಲ್ಲಿ ಇದಕ್ಕೆ ಕಾನೂನಿನ ಬಲ ಬಂದದ್ದು 1878ರಲ್ಲಿ. ಇಂಗ್ಲೆಂಡಿನಲ್ಲಿಯೂ ಹಾಗೆಯೇ ಆಯಿತು. 1876ರಲ್ಲಿ ಫ್ರೆಡರಿಕ್ ರೈನರ್ ಎಂಬ ಮುದ್ರಣಕಾರನು ಐದು ಶಿಲಿಂಗುಗಳನ್ನು ಕಳುಹಿಸಿ, ಕೋರ್ಟಿನಿಂದ ಹೊರಬೀಳುವ ನಿರ್ಗತಿಕರಿಗಾಗಿ ಏನಾದರೂ ಮಾಡಬೇಕೆಂದು ಒಂದು ಪಾನನಿರೋಧ ಸಂಘಕ್ಕೆ ಬರೆದನು. ಅದರ ಫಲವಾಗಿ ಕೋರ್ಟುಗಳಲ್ಲಿ ಮಿಷನೆರಿಗಳು ಕೆಲಸಕ್ಕೆ ನಿಂತರು. 1907ರ ಕಾನೂನಿನಿಂದ ಅದು ಸರಕಾರದ ವ್ಯವಸ್ಥೆಯಾಯಿತು.

ದಂಡನೆಯ ಬದಲಿಗೆ ಕೆಲಸವನ್ನೇ ವಿಧಿಸುವ ರೀತಿಯು ಇನ್ನೂ ಈಚಿನದು. 1966ರಲ್ಲಿ ಕ್ಯಾಲಿಫೋರ್ನಿಯದ ಅಲಮೇಡ ಎಂಬಲ್ಲಿ, ರಸ್ತೆಯ ನಿಯಮಗಳನ್ನು ಮೀರಿ ಜುಲ್ಮಾನೆ ತೆರಲಾರದೆ ಸೆರೆಗೆ ಹೋಗಬೇಕಾಗಿದ್ದ ಬಡ ಹೆಂಗಸರಿಗೆ ಸಮಾಜಸೇವೆಯನ್ನು ವಿಧಿಸತೊಡಗಿದರು. ಮನೆಯಲ್ಲಿ ಮಕ್ಕಳನ್ನು ಬಿಟ್ಟು ಅವರು ಸೆರೆಗೆ ಹೋದರೆ ಶಿಕ್ಷೆ ಯಾರಿಗೆ ತಗಲುತ್ತದೆಂಬುದನ್ನು ತಾಯಂದಿರಾದ ವಾಚಕರು ಚೆನ್ನಾಗಿ ಬಲ್ಲರು. ಇಂಗ್ಲೆಂಡಿನಲ್ಲಿ ಬಾರ್ಬರಾ ವೂಟನ್ ಎಂಬ ವಿದುಷಿಯ ಅಧ್ಯಕ್ಷತೆಯ ಸಮಿತಿಯು 1970ರಲ್ಲಿ ಇದನ್ನು ಶಿಫಾರಸು ಮಾಡಿತು. 1972ರ ಕಾನೂನು ಅಪರಾಧಿಯ ಒಪ್ಪಿಗೆಯನ್ನು ಪಡೆದು 40ರಿಂದ 240 ತಾಸುಗಳ ತನಕ ಕೆಲಸ ವಿಧಿಸಲು ಅಧಿಕಾರ ಕೊಟ್ಟಿತು. ಅವನ ಉದ್ಯೋಗಕ್ಕೂ ವಿದ್ಯಾಭ್ಯಾಸಕ್ಕೂ ಧರ್ಮಾಚರಣೆಗೂ ಆದಷ್ಟು ಅಡ್ಡಿಯಾಗದಂತೆ ವೇಳೆಯನ್ನು ಗೊತ್ತುಪಡಿಸಬೇಕೆಂದೂ ಹೇಳಿತು.

ನಮ್ಮ ಜಿಲ್ಲೆಗೂ ಇದು ಹೊಸತಲ್ಲ. ಕ್ರಿಮಿನಲ್ ವ್ಯವಹಾರದ 1898ರ ಸಂಹಿತೆಯ 562ನೆಯ ಕಲಮು ಮೊದಲ ಅಪರಾಧಿಗಳನ್ನು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಲು ಅವಕಾಶ ಕೊಟ್ಟಿತ್ತು. ಆಗ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತಕ್ಕೆ ಸೇರಿದ್ದುದರಿಂದ, ಆ ಪ್ರಾಂತದ 1936ರ ಪ್ರೊಬೇಶನ್ ಕಾನೂನು ನಮ್ಮ ಸೀಮೆಗೂ ಸಂಬಂಧಿಸಿದುದಾಗಿತ್ತು. ಮುಂದೆ 1958ರಲ್ಲಿ ಇಡೀ ದೇಶವನ್ನು ಉದ್ದೇಶಿಸಿ ಅಪರಾಧಿಗಳ ಪ್ರೊಬೇಶನ್ ಕಾನೂನು ಬಂದಿತು.

ಈಗ ಇರುವ ಮಾರ್ಗಗಳು ಮುಖ್ಯವಾಗಿ ಮೂರು.

ಮೊದಲನೆಯದು ಈ 1958ರ ಕಾನೂನು. ಮರಣದಂಡನೆಗೆ ಅಥವಾ ಜೀವಾವಧಿ ಸೆರೆವಾಸಕ್ಕೆ ಗುರಿಯಾಗದ ಅಪರಾಧಗಳಲ್ಲಿ, ಅಪರಾಧದ ಸ್ವರೂಪವನ್ನೂ ಅಪರಾಧಿಯ ನಡತೆಯನ್ನೂ ನೋಡಿ, ನ್ಯಾಯಾಧೀಶರು ಅವನನ್ನು ಮೂರು ವರುಷಗಳಿಗೆ ಮೀರದ ಮುಚ್ಚಳಿಕೆಯ ಮೇಲೆ ಬಿಡಬಹುದು. ಅವನನ್ನು ಪರಿವೀಕ್ಷಣಾಧಿಕಾರಿಯ ಕೈಕೆಳಗಿರಿಸುವುದಾದರೆ ಆ ಅವಧಿಯು ಒಂದು ವರುಷಕ್ಕೆ ಕಡಿಮೆಯಿರಕೂಡದು. ಇಪ್ಪತ್ತೊಂದು ವರುಷ ತುಂಬದವರ ವಿಷಯದಲ್ಲಿ ಕಾನೂನು ಇನ್ನೂ ಬಿಗಿಯಾಗಿದೆ. ಜೀವಾವಧಿ ಸೆರೆವಾಸಕ್ಕೆ ಗುರಿಯಾಗದ ಅಪರಾಧವಾದರೆ, ಪರಿವೀಕ್ಷಣಾಧಿಕಾರಿಯ ವರದಿಯನ್ನು ತರಿಸಿ ನೋಡದೆ, ಬೇರೆ ದಾರಿಯಿಲ್ಲವೆಂಬುದಕ್ಕೆ ಕಾರಣವನ್ನು ಬರೆಯದೆ ಅವರನ್ನು ಸೆರೆಗೆ ಕಳುಹಿಸುವಂತಿಲ್ಲ. ಈ ಕಾನೂನಿನಂತೆ ಬಿಡುಗಡೆ ಹೊಂದಿದವನಿಗೆ ಆ ಅಪರಾಧದ ನಿಮಿತ್ತ ಮುಂದೆ ಅನರ್ಹತೆಯ ಕಳಂಕ ತಗಲುವುದಿಲ್ಲ.

ಎರಡನೆಯದು ಮಕ್ಕಳ ಮಾರ್ಗ. 2015ರ ಬಾಲ ನ್ಯಾಯ ಕಾನೂನಿನ ಪ್ರಕಾರ ಹದಿನೆಂಟು ವರುಷ ತುಂಬದ ಮಕ್ಕಳ ತಪ್ಪುಗಳನ್ನು ಬಾಲ ನ್ಯಾಯ ಮಂಡಳಿಯು ವಿಚಾರಿಸುತ್ತದೆ. ಅದರಲ್ಲಿ ಒಬ್ಬ ಮೆಜಿಸ್ಟ್ರೇಟರೂ ಇಬ್ಬರು ಸಮಾಜಸೇವಕರೂ ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಸ್ತ್ರೀಯಾಗಿರಬೇಕೆಂಬುದು ಕಾನೂನಿನ ಕಟ್ಟಳೆ. ಬುದ್ಧಿಹೇಳಿ ಮನೆಗೆ ಕಳುಹಿಸುವುದು, ಹೆತ್ತವರ ವಶಕ್ಕೆ ಒಪ್ಪಿಸುವುದು ಮೊದಲಾದ ಆಜ್ಞೆಗಳ ಜೊತೆಗೆ, ಒಂದು ಸಂಸ್ಥೆಯ ಅಥವಾ ಮಂಡಳಿಯು ಗುರುತಿಸಿದ ವ್ಯಕ್ತಿಯ ಮೇಲ್ವಿಚಾರಣೆಯಲ್ಲಿ ಸಮುದಾಯ ಸೇವೆ ಮಾಡಿಸುವ ಅಧಿಕಾರವೂ ಮಂಡಳಿಗೆ ಉಂಟು. 2016ರ ಮಾದರಿ ನಿಯಮಗಳಂತೆ ಈ ಸೇವೆ ಹದಿನಾಲ್ಕು ವರುಷ ದಾಟಿದವರಿಗೆ ಮಾತ್ರ. ಉದ್ಯಾನವನ್ನು ನೋಡಿಕೊಳ್ಳುವುದು, ಮುದುಕರ ಉಪಚಾರ, ಆಸ್ಪತ್ರೆಯಲ್ಲಿ ನೆರವು ಮುಂತಾದವುಗಳನ್ನು ಅಲ್ಲಿ ಹೆಸರಿಸಲಾಗಿದೆ.

ಮೂರನೆಯದು ತೀರಾ ಹೊಸತು. 1978ರಲ್ಲೇ ದಂಡಸಂಹಿತೆಗೆ ಸಮುದಾಯ ಸೇವೆಯನ್ನು ಸೇರಿಸುವ ಮಸೂದೆಯೊಂದು ಹುಟ್ಟಿ, ಪೂರ್ಣವಾಗದೆ ಬಿದ್ದುಹೋಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಅದನ್ನು ಶಿಕ್ಷೆಗಳ ಪಟ್ಟಿಯಲ್ಲಿ ಸೇರಿಸಿತು. ಐದು ಸಾವಿರ ರೂಪಾಯಿಗೆ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಮೊದಲ ಬಾರಿ ತಪ್ಪಿತಸ್ಥನಾದವನು ವಸ್ತುವನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ದುರ್ನಡತೆ ತೋರುವುದು, ಮಾನಹಾನಿ ಮುಂತಾದ ಕೆಲವು ಅಪರಾಧಗಳಿಗೂ ಇದನ್ನು ವಿಧಿಸಬಹುದು. ಕೋರ್ಟಿನ ಆಜ್ಞೆಯಂತೆ, ಸಂಬಳವಿಲ್ಲದೆ, ಸಮುದಾಯಕ್ಕೆ ಪ್ರಯೋಜನವಾಗುವಂತೆ ಮಾಡುವ ಕೆಲಸವೆಂದು ಅದರ ಅರ್ಥವನ್ನು ಜೊತೆಯ ನಾಗರಿಕ ಸುರಕ್ಷಾ ಸಂಹಿತೆಯು ಹೇಳಿದೆ. ಆದರೆ ಎಷ್ಟು ತಾಸು, ಎಲ್ಲಿ, ಯಾರ ಕಣ್ಣೆದುರು ಎಂಬುದನ್ನು ಸಂಹಿತೆಯು ತಾನೇ ಹೇಳುವುದಿಲ್ಲ. ನಮ್ಮ ವಿಷಯದ ತಿರುಳು ಇರುವುದು ಇಲ್ಲಿಯೇ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಕಾರ್ಕಳದ ಒಬ್ಬ ತರುಣನು ಮೈದಾನದ ಬದಿಯಲ್ಲಿ ಮತ್ತೊಬ್ಬನು ಇರಿಸಿದ್ದ ನಾಲ್ಕು ಸಾವಿರ ರೂಪಾಯಿ ಬೆಲೆಯ ಫೋನನ್ನು ಎತ್ತಿಕೊಂಡನು, ಸಿಕ್ಕಿಬಿದ್ದನು, ಹಿಂದಿರುಗಿಸಿದನು. ಕೋರ್ಟು ಇಷ್ಟು ತಾಸುಗಳ ಸೇವೆಯೆಂದು ವಿಧಿಸಿತು. ಮರುದಿನ ಅವನು ಎಲ್ಲಿಗೆ ಹೋಗಬೇಕು? ಅವನನ್ನು ಒಂದು ಮೂಲೆಯಲ್ಲಿ ಕೂರಿಸಿ ಸಂಜೆ ಹಾಜರಿ ಬರೆದು ಕಳುಹಿಸಿದರೆ, ಕಾನೂನೆಂಬುದು ಬರೇ ಆಟವೆಂದು ಅವನು ಕಲಿಯುತ್ತಾನೆ. ಕೈಯಲ್ಲಿ ಪೊರಕೆ ಕೊಟ್ಟು, ಊರವರ ಮುಂದೆ ನಿಲ್ಲಿಸಿ, ಚಿತ್ರ ತೆಗೆದು ಹಂಚಿದರೆ ಅವನು ಕಲಿಯುವುದು ಹಗೆಯನ್ನು. ಯಾರಾದರೂ ತಮ್ಮ ಮನೆಯ ಅಂಗಳವನ್ನು ಗುಡಿಸಲು ಅವನನ್ನು ಕರೆದೊಯ್ದರೆ ಅದು ಸೇವೆಯಲ್ಲ, ಬಿಟ್ಟಿ ಚಾಕರಿ. ಶಿಕ್ಷೆಯ ಹೆಸರು ಒಂದೇ ಆದರೂ ಮೇಲ್ವಿಚಾರಕನು ಎಂಥವನೋ ಶಿಕ್ಷೆಯೂ ಅಂಥದೇ ಆಗುತ್ತದೆ.

ಆದುದರಿಂದ ಒಳ್ಳೆಯ ಮೇಲ್ವಿಚಾರಣೆಯ ಲಕ್ಷಣಗಳನ್ನು ತಿಳಿದಿರುವುದು ಒಳ್ಳೆಯದು. ಕೆಲಸವು ನಿಜವಾಗಿಯೂ ಬೇಕಾದುದಾಗಿರಬೇಕು. ಮಾಡಿದವನು ಅದರ ಫಲವನ್ನು ತನ್ನ ಕಣ್ಣಿಂದ ಕಾಣುವಂತಿರಬೇಕು. ಅಪಾಯದ್ದಾಗಿರಬಾರದು. ಕಾಪುವಿನ ಕಡಲಕರೆಯನ್ನು ಶುಚಿಮಾಡುವುದು ಚಳಿಗಾಲದಲ್ಲಿ ತಕ್ಕ ಕೆಲಸವಾದರೂ, ಆಟಿ ತಿಂಗಳ ಅಬ್ಬರದ ಅಲೆಗಳ ಬಳಿಗೆ ಯಾರನ್ನೂ ಕಳುಹಿಸತಕ್ಕದ್ದಲ್ಲ. ದಿನಗೂಲಿಯವನಿಗೆ ಕೂಲಿ ತಪ್ಪದಂತೆ, ವಿದ್ಯಾರ್ಥಿಗೆ ಪಾಠ ತಪ್ಪದಂತೆ ವೇಳೆಯನ್ನು ಹೊಂದಿಸಬೇಕು. ಸ್ತ್ರೀಯರ ಕೆಲಸವನ್ನು ಸ್ತ್ರೀಯರೇ ನೋಡಿಕೊಳ್ಳುವುದು ಯೋಗ್ಯ. ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ ಇವುಗಳನ್ನು ಅದೇ ದಿನ ಬರೆದಿಡಬೇಕು. ಬಾರದ ದಿನವನ್ನು ಕನಿಕರದಿಂದ ಬಂದ ದಿನವೆಂದು ಬರೆಯಬಾರದು. ಬಾರದಿದ್ದುದೇಕೆಂದು ಮನೆಗೆ ಹೋಗಿ ವಿಚಾರಿಸುವುದೇ ನಿಜವಾದ ಕನಿಕರ. ಸೇವೆಯನ್ನು ತಪ್ಪಿಸಿದವನಿಗೆ ಸಾದಾ ಸೆರೆವಾಸವನ್ನು ವಿಧಿಸಲು ಸಂಹಿತೆಯಲ್ಲಿ ಅವಕಾಶವಿರುವುದರಿಂದ, ಹಾಜರಿ ಪುಸ್ತಕದ ಒಂದೊಂದು ಗೆರೆಯ ಮೇಲೂ ಒಬ್ಬನ ಸ್ವಾತಂತ್ರ್ಯವು ನಿಂತಿರುತ್ತದೆ.

ಗುಟ್ಟನ್ನು ಕಾಪಾಡುವುದೂ ಮೇಲ್ವಿಚಾರಣೆಯ ಭಾಗವೇ. ಪ್ರೊಬೇಶನ್ ಕಾನೂನಿನಲ್ಲಿ ಅಧಿಕಾರಿಯ ವರದಿಯು ಗೋಪ್ಯವಾದುದು. ಬಾಲ ನ್ಯಾಯ ಕಾನೂನಿನಲ್ಲಿ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಇವುಗಳಲ್ಲಿ ಯಾವುದನ್ನೂ ಪತ್ರಿಕೆಯಲ್ಲಿ ಪ್ರಕಟಿಸುವುದು ನಿಷಿದ್ಧ. ನೆರೆಮನೆಯ ಹುಡುಗನ ಸುದ್ದಿಯನ್ನು ಕೈಯಲ್ಲಿರುವ ಫೋನಿನಿಂದ ಹತ್ತು ಮಂದಿಗೆ ಕಳುಹಿಸುವವರು, ಮಂಡಳಿಯು ಅವನಿಗೆ ಕೊಡಲೆಣಿಸಿದ ಎರಡನೆಯ ಅವಕಾಶವನ್ನು ಕಿತ್ತುಕೊಳ್ಳುತ್ತಾರೆ.

ಹಗುರವಾದ ಆಜ್ಞೆಯಿಂದಲೂ ಕೇಡು ಉಂಟು. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳು ವರುಷದ ಹುಡುಗನು ಓಡಿಸುತ್ತಿದ್ದನೆನ್ನಲಾದ ಕಾರು ಬಡಿದು ಇಬ್ಬರು ಸತ್ತರು. ಕೆಲವೇ ತಾಸುಗಳಲ್ಲಿ ಅವನಿಗೆ ಜಾಮೀನು ಸಿಕ್ಕಿತು. ಮುನ್ನೂರು ಪದಗಳ ಪ್ರಬಂಧವನ್ನು ಬರೆಯುವುದೂ ಅದರ ಷರತ್ತುಗಳಲ್ಲಿ ಒಂದಾಗಿತ್ತು. ಅದು ಜಾಮೀನಿನ ಷರತ್ತೇ ಹೊರತು ಕೊನೆಯ ತೀರ್ಪಲ್ಲ. ಆದರೂ ದೇಶವೆಲ್ಲ ಸಿಟ್ಟುಗೊಂಡಿತು, ಕೆಲವೇ ದಿನಗಳಲ್ಲಿ ಮಂಡಳಿಯು ಅವನನ್ನು ವೀಕ್ಷಣಾಲಯಕ್ಕೆ ಕಳುಹಿಸಿತು. ಸತ್ತವರ ಹೆತ್ತವರ ದುಃಖಕ್ಕೆ ಬೆಲೆ ಕೊಡದಂತೆ ಕಾಣುವ ಆಜ್ಞೆಯು ಸುಧಾರಣೆಯ ಮಾರ್ಗಕ್ಕೇ ಕೆಟ್ಟ ಹೆಸರು ತರುತ್ತದೆ. ಸೇವೆಯು ಶಿಕ್ಷೆಗೆ ಬದಲಾಗಬೇಕಾದರೆ ಅಪರಾಧಕ್ಕೆ ತಕ್ಕಷ್ಟು ತೂಕವೂ ಅದಕ್ಕಿರಬೇಕು.

ಹೆತ್ತವರು ಇದರಲ್ಲಿ ಇನ್ನೊಂದನ್ನು ಗಮನಿಸತಕ್ಕದ್ದು. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾನೂನಿನಂತೆ, ಹದಿನೆಂಟು ತುಂಬದ ಮಗನೋ ಮಗಳೋ ವಾಹನವನ್ನು ನಡೆಸಿ ಅಪರಾಧವೆಸಗಿದರೆ, ತಮಗೆ ತಿಳಿಯದೆ ನಡೆಯಿತೆಂದು ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆವೆಂದು ರುಜುಪಡಿಸದ ಹೊರತು, ಪೋಷಕರೇ ತಪ್ಪಿತಸ್ಥರು. ಮೂರು ವರುಷಗಳ ತನಕ ಸೆರೆ, ಇಪ್ಪತ್ತೈದು ಸಾವಿರ ರೂಪಾಯಿ ಜುಲ್ಮಾನೆ ಉಂಟು. ಆ ಮಗುವಿಗೆ ಇಪ್ಪತ್ತೈದು ವರುಷ ತುಂಬುವ ತನಕ ಕಲಿಕೆಯ ಲೈಸೆನ್ಸೂ ಸಿಗದು. ಉಡುಪಿ ಮಣಿಪಾಲಗಳ ಏರುರಸ್ತೆಯಲ್ಲಿ ಸ್ಕೂಟರಿನ ಕೀಲಿಯನ್ನು ಮಕ್ಕಳ ಕೈಗೆ ಕೊಡುವ ಮೊದಲು ಇದನ್ನು ನೆನೆಯಬೇಕು. ಮನೆಯ ಮೇಲ್ವಿಚಾರಣೆ ಸರಿಯಿದ್ದಲ್ಲಿ ಕೋರ್ಟಿನ ಮೇಲ್ವಿಚಾರಣೆಗೆ ಎಡೆಯಿಲ್ಲ.

ಇನ್ನು ನಮ್ಮ ಪಾಲು ಯಾವುದು? ಇದು ಸರಕಾರದ ಕೆಲಸವೆಂದು ಕೈತೊಳೆದುಕೊಳ್ಳಲು ಕಾನೂನೇ ಬಿಡುವುದಿಲ್ಲ. 1958ರ ಕಾನೂನಿನಂತೆ ಪರಿವೀಕ್ಷಣಾಧಿಕಾರಿಯು ಸರಕಾರದಿಂದ ನೇಮಕವಾದವನೇ ಆಗಿರಬೇಕೆಂದಿಲ್ಲ. ಮಾನ್ಯತೆ ಪಡೆದ ಸಂಘವು ಒದಗಿಸಿದವರೂ, ವಿಶೇಷ ಸಂದರ್ಭಗಳಲ್ಲಿ ಕೋರ್ಟಿಗೆ ಯೋಗ್ಯರೆಂದು ತೋರಿದ ಬೇರೆ ಯಾರಾದರೂ ಆ ಕೆಲಸವನ್ನು ಮಾಡಬಹುದು. ಬಾಲ ನ್ಯಾಯ ಕಾನೂನು ಸಂಸ್ಥೆಗಳನ್ನೂ ವ್ಯಕ್ತಿಗಳನ್ನೂ ಕರೆಯುತ್ತದೆ. ಅಂದರೆ ಜಾನ್ ಆಗಸ್ಟಸ್ ನಿಂತ ಸ್ಥಳವನ್ನು ಕಾನೂನು ಇನ್ನೂ ಖಾಲಿಯಾಗಿ ಕಾದಿರಿಸಿದೆ. ನಿವೃತ್ತ ಶಿಕ್ಷಕಿಯರು, ದಾದಿಯರು, ಮಹಿಳಾ ಮಂಡಲಗಳಲ್ಲಿ ದುಡಿದವರು ನಮ್ಮ ಹಳೆ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಇದ್ದಾರೆ. ಹಟಮಾರಿ ಮಗುವನ್ನು ಹೊಡೆಯದೆ ತಿದ್ದುವ ವಿದ್ಯೆ ಇವರಿಗೆ ಹೊಸತಲ್ಲ. ಕೆಲಸಕ್ಕೂ ಕೊರತೆಯಿಲ್ಲ. 1923ರಲ್ಲಿ ಆರಂಭವಾದ ಉಡುಪಿಯ ಮಿಷನ್ ಆಸ್ಪತ್ರೆಯಂಥ ಸಂಸ್ಥೆಗಳು, ವೃದ್ಧಾಶ್ರಮಗಳು, ಗ್ರಂಥಾಲಯಗಳು, ಕಾರ್ಕಳದ ಆನೆಕೆರೆ ರಾಮಸಮುದ್ರಗಳ ದಂಡೆಗಳು ಇವೆಲ್ಲವೂ ದುಡಿಯುವ ಕೈಗಳನ್ನು ಬೇಡುವ ಸ್ಥಳಗಳೇ. ಇಂಥ ಸಂಸ್ಥೆಯ ಆಡಳಿತದಲ್ಲಿರುವವರು, ಇಷ್ಟು ಮಂದಿಯನ್ನು, ಇಂಥ ಕೆಲಸಕ್ಕೆ, ಇಂಥವರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳಬಲ್ಲೆವೆಂದು ಮಂಡಳಿಗಾಗಲಿ ಪರಿವೀಕ್ಷಣಾಧಿಕಾರಿಗಳಿಗಾಗಲಿ ಬರೆದು ತಿಳಿಸಬಹುದು. ಕಳುಹಿಸಲು ಯೋಗ್ಯವಾದ ಸ್ಥಳವಿದೆಯೆಂದು ತಿಳಿದಾಗ ಮಾತ್ರ ನ್ಯಾಯಾಧೀಶರು ಧೈರ್ಯದಿಂದ ಆ ಆಜ್ಞೆಯನ್ನು ಬರೆಯಬಲ್ಲರು.

ನಮ್ಮ ತುಳುನಾಡಿನಲ್ಲಿ ತಪ್ಪುಕಾಣಿಕೆಯೆಂಬ ಹಳೆಯ ವಾಡಿಕೆ ಉಂಟು. ತಪ್ಪಿದವನು ತಪ್ಪನ್ನೊಪ್ಪಿ ಕಾಣಿಕೆಯನ್ನು ಸಲ್ಲಿಸಿದ ಮೇಲೆ ಆ ಮಾತು ಅಲ್ಲಿಗೆ ಮುಗಿಯುತ್ತದೆ, ಅದನ್ನು ಮತ್ತೆ ಎತ್ತಿ ಆಡುವುದು ಮರ್ಯಾದೆಯಲ್ಲ. ಸೇವೆಯೆಂಬ ಶಿಕ್ಷೆಯೂ ಅಂಥ ಕಾಣಿಕೆಯೇ. ಸಲ್ಲಿಸುವವನು ಪೂರ್ಣವಾಗಿ ಸಲ್ಲಿಸುವಂತೆ ನೋಡಿಕೊಳ್ಳುವುದು ಮೇಲ್ವಿಚಾರಕನ ಹೊಣೆ. ಸಲ್ಲಿಸಿದ ಮೇಲೆ ಅವನಿಗೆ ಕೆಲಸ ಕೊಡುವುದು, ಅವನ ತಂಗಿಯ ಮದುವೆಗೆ ಹೋಗುವುದು, ಹಳೆಯ ಮಾತನ್ನು ನಾಲಿಗೆಗೆ ತಾರದಿರುವುದು ಊರಿನವರಾದ ನಮ್ಮೆಲ್ಲರ ಹೊಣೆ.